ಹೆದರಿಕೆ ಹೋಗಿಬಿಟ್ಟರೆ

ಚಿ. ಸೌ. ಮಗಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಮಗಳು ಪುಟ್ಟಿಗೆ ಗುರಿ ಹೊಡೆಯುವುದನ್ನು ಕಲಿಸಲು ಯಾವ ಬಂದೂಕು ಕೊಳ್ಳಲಿ ಎಂದು ಪುಟಗಟ್ಟಲೆ ಬರೆದು, ಕೊನೆಯ ಅಂಚಿನಲ್ಲಿ ಸಣ್ಣಕ್ಷರದಲ್ಲಿ ಒಂದು ಸಾಲು ಸೇರಿಸಿದ್ದೀಯೆ: ‘ಕಲಿಸಿದ ಮೇಲೆ ಪುಟ್ಟಿಗೆ ಅದರ ಹೆದರಿಕೆಯೇ ಹೋಗಿಬಿಟ್ಟರೆ?’ ಅದನ್ನು ಓದಿದ ಮೇಲೆ ಉಳಿದದ್ದು ನನ್ನ ತಲೆಗೆ ಹತ್ತಲಿಲ್ಲ.

ಹೆದರಿಕೆ ಮಕ್ಕಳನ್ನು ಕಾಯುತ್ತದೆ ಎಂದು ನಮ್ಮ ಅಪ್ಪನೂ ನಂಬಿದ್ದರು. ಬೀರುವಿನಲ್ಲಿದ್ದ ಬಂದೂಕು ಮುಟ್ಟಿದರೆ ಕೈ ಮುರಿಯುತ್ತೇನೆ ಎಂದಿದ್ದರು. ನನಗೂ ನಿನ್ನಪ್ಪನಿಗೂ ಜೀವ ಹೋಗುವಷ್ಟು ಹೆದರಿಕೆ ಇತ್ತು. ಬೀರುವಿನ ಕೀಲಿ ಯಾವ ಕೋಟಿನ ಯಾವ ಜೇಬಿನಲ್ಲಿದೆ ಎಂಬುದೂ ಗೊತ್ತಿತ್ತು. ಅವನು ಕುರ್ಚಿ ಹಿಡಿದುಕೊಳ್ಳುತ್ತಿದ್ದ, ನಾನು ಹತ್ತುತ್ತಿದ್ದೆ. ನಳಿಗೆಯ ಬಾಯಿಗೆ ಕಣ್ಣಿಟ್ಟು ಒಳಗೇನಿದೆ ಎಂದು ನೋಡಿದ್ದೇವೆ. ಗುಂಡು ತುಂಬಿದೆಯೋ ಇಲ್ಲವೋ ತಿಳಿಯುವುದು ಹೇಗೆಂದು ನಮಗೆ ಯಾರೂ ಹೇಳಿರಲಿಲ್ಲ. ಹೆದರಿಕೆಯಿಂದ ಆದದ್ದು ಇಷ್ಟೇ: ಎಲ್ಲವನ್ನೂ ಕದ್ದು, ಅವಸರದಲ್ಲಿ ಮಾಡಿದೆವು.

ಹಾಗೆಂದು ನಿನ್ನ ಆತಂಕ ಸುಳ್ಳಲ್ಲ. ಕೈಗೆ ಒಗ್ಗಿದ ವಸ್ತುವಿನ ಬಗ್ಗೆ ಸಲಿಗೆ ಬಂದೇ ಬರುತ್ತದೆ. ಅದಕ್ಕೇ ಬಂದೂಕು ಒಂದು ಉಕ್ಕಿನ ಪೆಟ್ಟಿಗೆಯಲ್ಲಿ, ತೋಟಾಗಳು ಬೇರೊಂದರಲ್ಲಿ, ಎರಡರ ಕೀಲಿಯೂ ನಿನ್ನ ಮೈಮೇಲೆ ಇರಲಿ. ಮಕ್ಕಳಿಗೆ ಗೊತ್ತಿಲ್ಲದ ಜಾಗ ಎಂಬುದು ಯಾವ ಮನೆಯಲ್ಲೂ ಇರುವುದಿಲ್ಲ. ಪುಟ್ಟಿ ಬಲು ಜಾಣೆ, ಹೇಳಿದ ಮಾತು ಕೇಳುತ್ತಾಳೆ ಎಂದು ಬೀಗ ಸಡಿಲಿಸಬೇಡ.

ಇನ್ನು ಬಂದೂಕು. ನಾನು ಕಲಿತ ಕಾಲ ಬೇರೆ, ಈಗಿನ ಮಾದರಿಗಳ ಹೆಸರು ನನ್ನಿಂದ ಹೇಳಲಾಗದು. ಮೊದಲು ನಳಿಗೆಯ ಒಳಅಳತೆ 4.5 ಮಿಲಿಮೀಟರಿನ ಏರ್ ರೈಫಲ್, ಅಂದರೆ ಗಾಳಿಯ ಒತ್ತಡದಿಂದ ಹಾರಿಸುವ ಬಂದೂಕು, ಸಾಕು ಎನಿಸುತ್ತದೆ. ಅದನ್ನು ಆಟಿಕೆ ಎಂದುಕೊಳ್ಳಬೇಡ, ಕಣ್ಣು ಕಳೆಯಲು ಅಷ್ಟೇ ಬೇಕಾದಷ್ಟಾಯಿತು. ಆಮೇಲೆ .22, ಅಂದರೆ ನಳಿಗೆಯ ಒಳಅಳತೆ ಸುಮಾರು 0.22 ಅಂಗುಲವಿರುವ, ತೋಟಾ ಸಿಡಿಸುವ ರೈಫಲ್. ಅದರಲ್ಲೂ ಒಂದೊಂದೇ ತೋಟಾವನ್ನು ಕೈಯಿಂದ ಹಾಕಿ ಬೋಲ್ಟ್, ಅಂದರೆ ನಳಿಗೆಯ ಹಿಂಬದಿಯ ಅಗುಳಿ, ಮುಚ್ಚುವಂಥದ್ದು. ಒಂದು ಗುಂಡು ಹಾರಿದೊಡನೆ ಇನ್ನೊಂದು ತಾನಾಗಿ ಒಳಬರುವ ಬಂದೂಕು ಬೇಡವೇ ಬೇಡ. ಯಾಕೆ ಗೊತ್ತೇ? ಗುರಿ ತಗುಲಿದ ಕ್ಷಣ ಮಗು ‘ಹೊಡೆದೆ!’ ಎಂದು ನಿನ್ನ ಕಡೆ ತಿರುಗುತ್ತದೆ. ಮುಖದ ಜೊತೆ ನಳಿಗೆಯೂ ತಿರುಗುತ್ತದೆ, ಬೆರಳು ಇನ್ನೂ ಟ್ರಿಗರ್ ಮೇಲೆಯೇ ಇರುತ್ತದೆ. ಆಗ ಒಳಗಿರುವುದು ಖಾಲಿ ಕವಚವೇ ಆಗಿರಬೇಕು. ಟ್ರಿಗರ್ ಎಳೆದರೂ ಸಿಡಿಯದಿದ್ದರೆ ಇನ್ನೂ ಎಚ್ಚರ: ತೋಟಾ ತಡವಾಗಿ ಸಿಡಿಯಬಹುದು. ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷವಾದರೂ ಕಾದು, ನೀನೇ ಬೋಲ್ಟ್ ತೆರೆ.

ಈ ರೈಫಲಿಗೆ ಹಾಕುವ .22 ಲಾಂಗ್ ರೈಫಲ್ ಎಂಬ ತೋಟಾ 1887ರಿಂದ ಇದೆ. ಗುಂಡಿನ ತೂಕ ಎರಡೂವರೆ ಗ್ರಾಂನಷ್ಟು. ಸಣ್ಣದು ಎಂಬ ಸಸಾರ ಅದಕ್ಕೆ ಅಂದಿನಿಂದಲೂ ಅಂಟಿಕೊಂಡಿದೆ. ಆದರೆ ಅದು ಒಂದು ಮೈಲಿಗೂ ಆಚೆ ಹೋಗಬಲ್ಲದು. ಕಲ್ಲಿಗೋ ನೀರಿಗೋ ಬಡಿದರೆ ಎತ್ತಲೋ ಚಿಮ್ಮುತ್ತದೆ. ಗುರಿಯ ಹಿಂದೆ ಎತ್ತರದ ಮಣ್ಣಿನ ದಿಬ್ಬವಿಲ್ಲದ ಕಡೆ ಪಾಠ ಬೇಡ. ಎಷ್ಟು ವಯಸ್ಸಿಗೆ ಕಲಿಸಬಹುದು, ಯಾವುದಕ್ಕೆ ಲೈಸೆನ್ಸ್ ಬೇಕು ಎಂಬುದನ್ನು ನಿಮ್ಮ ಕಾನೂನು ನೋಡಿಕೊಂಡೇ ಮುಂದುವರಿ.

ನನ್ನ ಕೈಗೆ ಮೊದಲು ಬಂದದ್ದು ದೊಡ್ಡವರ ಬಂದೂಕು. ಹಿಂಭಾಗ ಭುಜಕ್ಕೆ ಕೂರದೆ ಕಂಕುಳಿಗೆ ಇಳಿಯುತ್ತಿತ್ತು, ಒದೆತ ಕೊರಳ ಎಲುಬಿಗೆ ಬೀಳುತ್ತಿತ್ತು. ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚುವ ಚಾಳಿ ಅಂಟಿತು. ಆಮೇಲೆ ಎಷ್ಟು ಒಳ್ಳೆಯ ರೈಫಲ್ ಹಿಡಿದರೂ ಅದು ಬಿಡಲಿಲ್ಲ. ಎಡಗಿವಿ ಮಂದವಾದ ಕಥೆಯೂ ಅದೇ. ಬಲಭುಜಕ್ಕೆ ಬಂದೂಕು ಹೂಡುವವರಿಗೆ ನಳಿಗೆಯ ಬಾಯಿಗೆ ಹತ್ತಿರವಾಗುವುದು ಎಡಗಿವಿ. ಕಿವಿಗೆ ಹತ್ತಿಯಾದರೂ ತುರುಕಬೇಕಿತ್ತು ಎನ್ನುವವರೂ ಆಗ ಇರಲಿಲ್ಲ. ಹತ್ತಿಯಿಂದ ಏನೂ ಆಗುತ್ತಿರಲಿಲ್ಲ, ಅದಿರಲಿ. ಪುಟ್ಟಿಗೆ ಒಳ್ಳೆಯ ಕಿವಿಮುಚ್ಚಳ, ರಕ್ಷಣೆಯ ಕನ್ನಡಕ ಕೊಡಿಸು, ನೀನೂ ಹಾಕಿಕೊ. ಗುಂಡಿನಲ್ಲಿ ಸೀಸವಿರುತ್ತದೆ, ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆಸದೆ ಏನನ್ನೂ ತಿನ್ನಲು ಕೊಡಬೇಡ.

ಮತ್ತೆ ನಿನ್ನ ಆ ಸಾಲಿಗೇ ಬರುತ್ತೇನೆ. ಹೆದರಿಕೆ ಹೋಗಲಿ, ಆದರೆ ಆ ಜಾಗ ಖಾಲಿ ಉಳಿಯಬಾರದು. ಯಾರೇ ಬಂದೂಕು ಕೊಟ್ಟರೂ ‘ಬೋಲ್ಟ್ ತೆರೆದು ಖಾಲಿಯೆಂದು ತೋರಿಸಿ’ ಎನ್ನುವಷ್ಟು ಜಗಮೊಂಡಿಯಾಗಲಿ ನಮ್ಮ ಪುಟ್ಟಿ. ನಾನೇ ಕೊಟ್ಟರೂ ಸರಿ. ಗೆಳತಿಯ ಮನೆಯಲ್ಲಿ ಯಾರಾದರೂ ಬಂದೂಕು ಹೊರತೆಗೆದರೆ ಮುಟ್ಟದೆ, ಅಲ್ಲಿ ನಿಲ್ಲದೆ, ಹೊರಗೆ ಬಂದು ದೊಡ್ಡವರಿಗೆ ಹೇಳಬೇಕು ಎಂದು ಕಲಿಸು. ಆ ಹೊತ್ತಿಗೆ ಅವಳು ಹಾಗೆಯೇ ಮಾಡುತ್ತಾಳೆಯೇ? ಭರವಸೆ ಕೊಡಲು ನನ್ನಿಂದಾಗದು, ತಾಯಿ. ಈ ಪತ್ರ ಬರೆಯುತ್ತಿರುವಾಗಲೂ ಅದೇ ಕೊರೆಯುತ್ತಿದೆ.

ಕೊಳ್ಳುವ ಮೊದಲು ಎರಡು ಸಂಗತಿ ನೋಡಿ ಬರೆ. ಪುಟ್ಟಿ ಮೊಣಕೈ ಮಡಿಸಿದಾಗ ಒಳಮಡಿಕೆಯಿಂದ ತೋರುಬೆರಳ ತುದಿಯ ಗೆಣ್ಣಿನವರೆಗೆ ಎಷ್ಟಿದೆ ಎಂದು ಅಳೆ; ಬಂದೂಕಿನ ಹಿಂತುದಿಯಿಂದ ಟ್ರಿಗರ್‌ವರೆಗಿನ ಉದ್ದ ಹೆಚ್ಚುಕಡಿಮೆ ಅಷ್ಟೇ ಇರಬೇಕು. ಇನ್ನೊಂದು, ‘ಎರಡೂ ಕೈ ಚಾಚಿ ಅಂಗೈಗಳ ನಡುವೆ ಸಣ್ಣ ಕಿಂಡಿ ಮಾಡಿ, ಅದರಲ್ಲಿ ನನ್ನ ಮೂಗನ್ನು ನೋಡು’ ಎಂದು ಅವಳಿಗೆ ಹೇಳು. ಕಿಂಡಿಯೊಳಗೆ ನಿನಗೆ ಕಾಣುವ ಕಣ್ಣೇ ಅವಳ ಗುರಿಯ ಕಣ್ಣು. ಅದು ಎಡಗಣ್ಣಾದರೆ, ಬಲಗೈಯವಳಾದರೂ ಮೊದಲ ದಿನದಿಂದಲೇ ಎಡಭುಜಕ್ಕೆ ಹೂಡಿಸುವುದು ಮೇಲು. ಆಗ ಬೋಲ್ಟ್ ಎಡಗಡೆ ಇರುವ ರೈಫಲನ್ನೇ ಹುಡುಕಬೇಕಾಗುತ್ತದೆ.

ಇತಿ,
ನಿನ್ನ ದೊಡ್ಡಪ್ಪ