ಗಿಟಾರ್ ಪಾಠ ಶ್ರುತಿಯಿಂದ ಆರಂಭವಾಗಲಿ

ಮಾನ್ಯ ಸಂಪಾದಕರೇ,

ಚಿಕ್ಕಮಗಳೂರಿನಲ್ಲಿ ಗಿಟಾರ್ ಕಲಿಯಲು ಬರುವ ಮಕ್ಕಳಿಗೆ ಮೊದಲ ವಾರವೇ ಸಿನಿಮಾ ಹಾಡು ನುಡಿಸಲು ಹೇಳಿಕೊಡುವ ಆತುರ ಕಂಡು ಬೇಸರವಾಗುತ್ತದೆ. ಆರು ತಂತಿಗಳನ್ನು ದಪ್ಪದಿಂದ ತೆಳುವಿನವರೆಗೆ ಕ್ರಮವಾಗಿ ಇ, ಎ, ಡಿ, ಜಿ, ಬಿ, ಇ ಸ್ವರಗಳಿಗೆ ತಾವೇ ಶ್ರುತಿ ಮಾಡುವುದು, ಬೆರಳ ತುದಿಯನ್ನು ಗಿಟಾರಿನ ಕತ್ತಿನ ಅಡ್ಡ ಲೋಹಪಟ್ಟಿಯಾದ ಫ್ರೆಟ್‌ನ ಮೇಲಲ್ಲದೆ ಅದರ ಹಿಂಬದಿಗೆ ಸಮೀಪವಾಗಿ ಒತ್ತುವುದು, ಕಾರ್ಡ್‌ಗಳಲ್ಲಿ, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪುಗಳಲ್ಲಿ, ಎರಡೇ ಬೆರಳು ಬೇಡುವ ಇ ಮೈನರ್ ಕಾರ್ಡ್‌ನಿಂದ ಜಿ, ಸಿ, ಡಿ ಕಾರ್ಡ್‌ಗಳಿಗೆ ತಾಳ ತಪ್ಪದೆ ನಿಧಾನವಾಗಿ ಸಾಗುವುದು, ಇವೆಲ್ಲ ಮೊದಲು ಕೈಗೆ ಕೂರಬೇಕು. ಉಕ್ಕಿನ ತಂತಿಯಿಂದ ಬೆರಳು ನೊಂದು ಕಲಿಕೆಯನ್ನೇ ಬಿಡುವ ಚಿಕ್ಕವರಿಗೆ ಅವರ ಅಳತೆಯ ನೈಲಾನ್ ತಂತಿಯ ಗಿಟಾರ್ ಕೊಡಿಸುವುದು ಒಳಿತು. ನಮ್ಮ ಮಳೆಗಾಲದ ತೇವಕ್ಕೆ ಮರ ಉಬ್ಬಿ ತಂತಿಗಳು ಮೇಲೇಳುವುದರಿಂದ ಒತ್ತುವುದು ಇನ್ನಷ್ಟು ಕಷ್ಟ. ಆದ್ದರಿಂದ ವಾದ್ಯವನ್ನು ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಪೆಟ್ಟಿಗೆಯಲ್ಲಿಡಬೇಕೆಂದು ಶಿಕ್ಷಕರು ಆರಂಭದಲ್ಲೇ ತಿಳಿಸಲಿ.

ಇಂತಿ,
ಒಬ್ಬ ಪೋಷಕಿ, ಚಿಕ್ಕಮಗಳೂರು