ಭಾನುವಾರದ ಚರ್ಚೆ: ಕಾರ್ಮಿಕ ಸಂಘಗಳ ಬಲ ಕುಗ್ಗಿದ ಬಗೆ

ಬಳಗದ ಎಲ್ಲ ಸದಸ್ಯರಿಗೆ ನಮಸ್ಕಾರ.

ಈ ಭಾನುವಾರ ಬೆಳಿಗ್ಗೆ 10.30ಕ್ಕೆ ಮೈಸೂರಿನ ಸರಸ್ವತಿಪುರಂನಲ್ಲಿರುವ ನಮ್ಮ ಎಂದಿನ ಕೊಠಡಿಯಲ್ಲಿ ಸೇರಿ, ಕಳೆದ ನಾಲ್ಕು ದಶಕಗಳಲ್ಲಿ ಕಾರ್ಮಿಕ ಸಂಘಗಳ ಶಕ್ತಿ ಏಕೆ ಕುಗ್ಗಿತು ಎಂಬುದನ್ನು ಚರ್ಚಿಸಲಿದ್ದೇವೆ. ಮಂಡ್ಯದಿಂದ ರೈಲಿನಲ್ಲಿ ಬರುವವರಿಗಾಗಿ 11ರ ತನಕ ಕಾಯುತ್ತೇವೆ.

1982ರ ಜನವರಿಯಲ್ಲಿ ಕಾರ್ಮಿಕ ನಾಯಕ ದತ್ತಾ ಸಾಮಂತರ ಮುಂದಾಳತ್ವದಲ್ಲಿ ಆರಂಭವಾದ ಮುಂಬಯಿ ಜವಳಿ ಗಿರಣಿಗಳ ಮುಷ್ಕರದಿಂದ ಮಾತು ಶುರುವಾಗುತ್ತದೆ, ಸುಮಾರು 2.5 ಲಕ್ಷ ಕಾರ್ಮಿಕರು ಹೊರಬಂದರೂ ಬೇಡಿಕೆಗಳು ಈಡೇರಲಿಲ್ಲ, ಕೆಲಸ ಭಿವಂಡಿಯಂಥ ಊರುಗಳ ಪವರ್‌ಲೂಮ್‌ಗಳ ಪಾಲಾಯಿತು. ಬ್ರಿಟನ್ನಿನ ಗಣಿ ಕಾರ್ಮಿಕರ 1984–85ರ ಮುಷ್ಕರದ ಸೋಲನ್ನು ಚುಟುಕಾಗಿ ನೋಡೋಣ. ಹೆಚ್ಚು ಸಮಯ ಬೇಕಿರುವುದು ಗುತ್ತಿಗೆ ಪದ್ಧತಿಗೆ: ಒಂದೇ ಯಂತ್ರದ ಮುಂದೆ ನಿಂತ ಇಬ್ಬರಲ್ಲಿ ಒಬ್ಬರ ಹೆಸರು ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿ, ಇನ್ನೊಬ್ಬರದು ಗುತ್ತಿಗೆದಾರನ ಪುಸ್ತಕದಲ್ಲಿ ಇರುವಾಗ ಸಂಘ ಯಾರ ಪರವಾಗಿ ಮಾತನಾಡಬೇಕು? ಕಾನೂನುಗಳಿಗಿಂತ ಇದೇ ದೊಡ್ಡ ಪೆಟ್ಟು ಎಂಬುದು ನನ್ನ ಅನಿಸಿಕೆ. ಒಪ್ಪದವರು ಖಂಡಿತ ಬನ್ನಿ. ಸಂಘದ ನೋಂದಣಿಗೆ ಸಂಸ್ಥೆಯ ಅಥವಾ ಉದ್ಯಮದ ಶೇ. 10 ಅಥವಾ 100 ಕಾರ್ಮಿಕರು, ಯಾವುದು ಕಡಿಮೆಯೋ ಅಷ್ಟು, ಇರಬೇಕೆಂದ ಕಾರ್ಮಿಕ ಸಂಘಗಳ ಕಾಯ್ದೆಯ 2001ರ ತಿದ್ದುಪಡಿ, ಮುಷ್ಕರಕ್ಕೆ 14 ದಿನಗಳ ಮುನ್ಸೂಚನೆ ಕಡ್ಡಾಯಗೊಳಿಸಿದ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ, ಎರಡರ ಪ್ರತಿಗಳೂ ಅಲ್ಲಿ ಸಿಗುತ್ತವೆ.

ನಿವೃತ್ತರು ಹಳೆಯ ಚಂದಾ ರಸೀದಿ, ಕರಪತ್ರಗಳಿದ್ದರೆ ದಯವಿಟ್ಟು ತನ್ನಿ. ಕಳೆದ ಬಾರಿ ಸದಸ್ಯರೊಬ್ಬರು ತಂದ 2 ರೂಪಾಯಿಯ ರಸೀದಿಯ ಹಿಂಬದಿಯಲ್ಲಿ ಗೇಟ್ ಸಭೆಯ ಹೊತ್ತನ್ನು ಪೆನ್ಸಿಲ್‌ನಲ್ಲಿ ಗುರುತು ಹಾಕಿದ್ದು ಇನ್ನೂ ಅಳಿಸಿರಲಿಲ್ಲ. ಬರುವವರು ಶುಕ್ರವಾರ ಸಂಜೆಯೊಳಗೆ ಇಲ್ಲಿಯೇ ‘ಬರುತ್ತೇನೆ’ ಎಂದು ತಿಳಿಸಿದರೆ ತಿಂಡಿಯ ಲೆಕ್ಕಕ್ಕೆ ಅನುಕೂಲ.