ರಾಜಾ ಸೀಟ್ ಮತ್ತು ಸಿಂಗಲ್ ಕೋಟ್

ಸುಂಟಿಕೊಪ್ಪ

ಪ್ರೀತಿಯ ಮಗಳೇ,

ಚಿಕ್ಕಪ್ಪನ ಆಶೀರ್ವಾದಗಳು. ಅಜ್ಜ ತೋಟದಲ್ಲಿ ಇಂಚು, ಸೆಂಟಿನ ಲೆಕ್ಕದಲ್ಲಿ ಬರೆದಿಟ್ಟ ಮಳೆಯ ದಾಖಲೆಗಳನ್ನು ಕೂಡಿಸುವ ಪ್ರೋಗ್ರಾಮಿಗೆ ನೀನು ಕಂಪ್ಯೂಟರಿಗೆ ಆಜ್ಞೆ ಕೊಡುವ ಭಾಷೆಯಾದ ಶೆಲ್‌ನಲ್ಲಿ ಬರೆದ ಟೆಸ್ಟ್‌ಗಳನ್ನು ನಿನ್ನೆ ರಾತ್ರಿ ಕೂತು ಪೂರ್ತಿ ಓದಿದೆ. ಎಲ್ಲವೂ ಪಾಸಾಗುತ್ತಿವೆ ಎಂದು ನೀನು ಸಂತೋಷದಿಂದ ಬರೆದಿದ್ದೀಯೆ. ನನಗೆ ಕಳವಳವಾದದ್ದು ಆ ಮಾತಿನಿಂದಲೇ. ಕೋಟ್ ಚಿಹ್ನೆಯ ತಪ್ಪು ಪ್ರೋಗ್ರಾಮಿನಲ್ಲಿದ್ದರೆ ಎಂದಾದರೊಂದು ದಿನ ಕಣ್ಣಿಗೆ ಬೀಳುತ್ತದೆ. ಟೆಸ್ಟಿನಲ್ಲಿದ್ದರೆ ಎಷ್ಟೋ ಸಲ ಪಾಸಾಯಿತು ಎಂದೇ ಹೇಳುತ್ತಿರುತ್ತದೆ.

ನಿನ್ನ ಮೂರನೆಯ ಟೆಸ್ಟನ್ನೇ ನೋಡು. ಟೆಸ್ಟಿನ ಹೆಸರು ಫಂಕ್ಷನ್ನಿಗೆ ಕೊಡುವ ಮೊದಲ ಆರ್ಗ್ಯುಮೆಂಟ್, ಸಿಂಗಲ್ ಕೋಟ್‌ಗಳ ಒಳಗಿರುವ ಇಡೀ ಒಡಲು ಎರಡನೆಯದು, ಆ ಎರಡನೆಯದನ್ನು ನಿನ್ನ ಫಂಕ್ಷನ್ ಇವ್ಯಾಲ್ ಮಾಡುತ್ತದೆ, ಅಂದರೆ ಆಜ್ಞೆಗಳಾಗಿ ಓಡಿಸುತ್ತದೆ. ಆ ಒಡಲಿನೊಳಗೆ, ಫೈಲಿನಲ್ಲಿ ಪದ ಹುಡುಕುವ ಗ್ರೆಪ್ ಆಜ್ಞೆಗೆ ಕೊಟ್ಟ ಮೂರ್ನಾಡು ಎಂಬ ಊರಿನ ಹೆಸರನ್ನು ಮತ್ತೆ ಸಿಂಗಲ್ ಕೋಟ್‌ನಲ್ಲಿಯೇ ಇಟ್ಟಿದ್ದೀಯೆ. ಅಲ್ಲಿನ ಮೊದಲ ಕೋಟ್ ಒಡಲನ್ನು ಮುಚ್ಚುತ್ತದೆ, ಮುಂದಿನದು ಮತ್ತೆ ತೆರೆಯುತ್ತದೆ, ನಡುವಿನ ಮೂರ್ನಾಡು ಕಾವಲಿಲ್ಲದೆ ಬಯಲಲ್ಲಿ ನಿಂತಿದೆ. ಸ್ಪೇಸ್ ಇಲ್ಲದ ಒಂದೇ ಪದವಾದ್ದರಿಂದ ಅದು ಎರಡೂ ಬದಿಯ ತುಂಡುಗಳಿಗೆ ಅಂಟಿಕೊಂಡು ಟೆಸ್ಟು ನೆಟ್ಟಗೆ ಓಡಿತು. ಅದೇ ಜಾಗದಲ್ಲಿ ರಾಜಾ ಸೀಟ್ ಎಂದು ಬರೆದು ನೋಡು: ಒಡಲು ‘ರಾಜಾ’ ಎಂಬಲ್ಲಿಗೇ ಮುಗಿದು, ‘ಸೀಟ್’ನಿಂದ ಮುಂದಿನದೆಲ್ಲ ಯಾರೂ ಓದದ ಮೂರನೆಯ ಆರ್ಗ್ಯುಮೆಂಟ್ ಆಗುತ್ತದೆ, ಫೈಲಿನ ಹೆಸರು ಸಿಗದ ಗ್ರೆಪ್ ಕೀಬೋರ್ಡಿನ ದಾರಿ ಕಾಯುತ್ತ ಕೂರುತ್ತದೆ. ಇಂಗ್ಲಿಷಿನಲ್ಲಿ ಮಡಿಕೇರಿಯ ಆ ಜಾಗದ ಹೆಸರಿನಲ್ಲೇ ಒಂದು ಅಪಾಸ್ಟ್ರಫಿ ಇದೆ (Raja's Seat), ಶೆಲ್‌ಗೆ ಅದೂ ಸಿಂಗಲ್ ಕೋಟೇ. ಆ ಹೆಸರನ್ನು ಒಡಲಿನ ಕಾಮೆಂಟಿನಲ್ಲಿ, ಅಂದರೆ ಓದುವವರಿಗೆಂದು ಇಡುವ ಟಿಪ್ಪಣಿಯಲ್ಲಿ, ಬರೆದರೂ ಒಡಲು ಮುಚ್ಚಿಕೊಳ್ಳುತ್ತದೆ, ಏಕೆಂದರೆ ಸಿಂಗಲ್ ಕೋಟ್‌ನ ಒಳಗೆ ಶೆಲ್ ಕಾಮೆಂಟನ್ನೂ ಗುರುತಿಸದು, ಮುಂದಿನ ಚಿಹ್ನೆಯನ್ನು ಸಾಮಾನ್ಯ ಅಕ್ಷರವಾಗಿಸುವ ಬ್ಯಾಕ್‌ಸ್ಲ್ಯಾಷನ್ನೂ ಮನ್ನಿಸದು.

ಒಳಗಿನ ಹೆಸರಿಗೆ ಡಬಲ್ ಕೋಟ್ ಹಾಕು, ಸಾಕು. ಆದರೆ ಹೊರಗಿನ ಸಿಂಗಲ್ ಕೋಟ್‌ಗಳನ್ನು ಡಬಲ್ ಮಾಡುವ ಆಸೆಗೆ ಬೀಳಬೇಡ. ಹಾಗೆ ಮಾಡಿದರೆ ಡಾಲರ್ ಚಿಹ್ನೆಯ ವೇರಿಯಬಲ್‌ಗಳೆಲ್ಲ ಒಡಲು ಓಡುವ ಮುನ್ನವೇ ಬಿಚ್ಚಿಕೊಂಡು, ಹೆಸರಿನ ಜಾಗದಲ್ಲಿ ಆಗಿನ ಬೆಲೆ ಬಂದು ಕೂರುತ್ತದೆ. ಒಡಲಿನೊಳಗೆ ಬೆಲೆ ಪಡೆಯಬೇಕಾದವು ಆಗ ಇನ್ನೂ ಖಾಲಿ.

ಖಾಲಿ ವೇರಿಯಬಲ್‌ನ ಪೆಟ್ಟು ನಾನು ತಿಂದವನು. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಗ, ವರದಿ ಖಾಲಿಯಿಲ್ಲ ಎಂದು ಖಚಿತಪಡಿಸಿಕೊಳ್ಳಲು ಚೌಕ ಬ್ರ್ಯಾಕೆಟ್‌ಗಳ ನಡುವೆ ಮೈನಸ್ ಎನ್ ಬರೆದು, ಅದರ ಮುಂದೆ ವೇರಿಯಬಲನ್ನು ಕೋಟ್ ಇಲ್ಲದೆ ಇಟ್ಟಿದ್ದೆ. ವೇರಿಯಬಲ್ ಖಾಲಿಯಾದಾಗ ಅದು ಸಾಲಿನಿಂದಲೇ ಮಾಯವಾಗುತ್ತದೆ. ಉಳಿಯುವುದು ಮೈನಸ್ ಎನ್ ಒಂದೇ. ಒಂದೇ ಆರ್ಗ್ಯುಮೆಂಟ್ ಸಿಕ್ಕಾಗ ಅದು ಖಾಲಿ ಪದವೋ ಅಲ್ಲವೋ ಎಂಬುದನ್ನಷ್ಟೇ ಶೆಲ್ ನೋಡುತ್ತದೆ, ಮೈನಸ್ ಎನ್ ಎಂಬುದು ಖಾಲಿ ಪದವಲ್ಲ, ಹಾಗಾಗಿ ಉತ್ತರ ಸದಾ ‘ಸರಿ’. ಖಾಲಿ ವರದಿಗಳು ಗ್ರಾಹಕರ ಕೈ ಸೇರಿದ ಮೇಲೆಯೇ ನನಗೆ ಗೊತ್ತಾಯಿತು. ಅಂದಿನ ನಾಚಿಕೆ ಇಂದಿಗೂ ನೆನಪಿದೆ. ನಿನ್ನ ಐದನೆಯ ಟೆಸ್ಟಿನಲ್ಲಿ ಅದೇ ಸಾಲು ಇರುವುದರಿಂದಲೇ ಫೋನಿನಲ್ಲಿ ಹೇಳದೆ ಇಷ್ಟುದ್ದ ಬರೆಯುತ್ತಿದ್ದೇನೆ.

ಕೋಡಿನ ಆವೃತ್ತಿಗಳನ್ನು ಕಾಯ್ದಿಡುವ ಗಿಟ್ ತಂತ್ರಾಂಶದವರ ಒಂದು ರೂಢಿ ನನಗೆ ಬಹಳ ಮೆಚ್ಚುಗೆ. ಅವರ ಟೆಸ್ಟ್‌ಗಳು ಓಡುವ ತಾತ್ಕಾಲಿಕ ಡೈರೆಕ್ಟರಿಯ ಹೆಸರು ‘ಟ್ರ್ಯಾಶ್ ಡೈರೆಕ್ಟರಿ’ ಎಂದು ಶುರುವಾಗುತ್ತದೆ. ನಡುವಿನ ಸ್ಪೇಸ್ ಬೇಕೆಂದೇ ಇಟ್ಟದ್ದು. ಕೋಟ್ ಮರೆತ ಸಾಲು ಅಲ್ಲಿಯೇ ಎಡವಿ ಬೀಳುತ್ತದೆ. ನೀನೂ ‘ಕಾಫಿ ತೋಟ’ ಎಂಬ ಎರಡು ಪದಗಳ ಡೈರೆಕ್ಟರಿಯಲ್ಲಿ ಓಡಿಸು. ಶೆಲ್‌ಚೆಕ್ ಎಂಬ, ಶೆಲ್ ಬರಹದ ತಪ್ಪು ಹುಡುಕುವ ಸಾಧನವನ್ನೂ ಹಾಕಿಕೊ, ಆದರೆ ಇವ್ಯಾಲ್‌ಗೆ ಹೋಗುವ ಒಡಲು ಅದರ ಕಣ್ಣಿಗೆ ಬರೀ ಪಠ್ಯ. ಅದರೊಳಗಿನ ತಪ್ಪನ್ನು ನೀನೇ ಹುಡುಕಬೇಕು.

ಐದನೆಯ ಟೆಸ್ಟಿಗೆ ಡಬಲ್ ಕೋಟ್ ಸೇರಿಸಿದ ಮೇಲೆ, ಮಳೆಯ ಫೈಲನ್ನು ಖಾಲಿ ಮಾಡಿ ಒಮ್ಮೆ ಓಡಿಸು. ಅದು ಫೇಲಾದದ್ದನ್ನು ಕಣ್ಣಾರೆ ಕಂಡ ನಂತರ ನನಗೆ ಕಳುಹಿಸು, ಉಳಿದ ಟೆಸ್ಟ್‌ಗಳನ್ನು ಆಮೇಲೆ ಕೂಡಿ ನೋಡೋಣ.

ಇಂತಿ,
ನಿನ್ನ ಚಿಕ್ಕಪ್ಪ